ನೀರಲ್ಲಿ ಸುಮ್ಮನಿರಲು ಕಲಿ

ಮಗಳೇ,

ಈ ಸಲ ಡಿಸೆಂಬರ್ ರಜೆಗೆ ಊರಿಗೆ ಬಂದಾಗ ಕಡಲಲ್ಲಿ ಈಜುತ್ತೇನೆ ಅಂತ ಹೇಳಿದೆಯಂತೆ. ನಿನ್ನಮ್ಮನಿಗೆ ಹೆದರಿಕೆ. ಅವಳ ಹೆದರಿಕೆಯಲ್ಲಿ ತಪ್ಪಿಲ್ಲ, ನಿನ್ನ ಆಸೆಯಲ್ಲೂ ತಪ್ಪಿಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಲ್ಲಿ ಮುಳುಗಿ ಸಾಯುತ್ತಾರೆ. ಹಾಗಾಗಿ ನೀರಿನ ಹತ್ತಿರ ಹೋಗಬೇಡ ಅನ್ನುವವರು ನಿನಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಹೋಗುವುದಾದರೆ ಹೇಗೆ ಹೋಗಬೇಕು ಅಂತ ಕೂರಿಸಿ ಹೇಳುವವರು ಕಡಿಮೆ. ಸ್ವರ್ಣಾ ಹೊಳೆಯ ದಂಡೆಯಲ್ಲಿ ಬೆಳೆದು, ಊರಿನ ಮಕ್ಕಳಿಗೆ ನೀರಿನ ಅಂಜಿಕೆ ಬಿಡಿಸುತ್ತಾ ಬಂದ ದೊಡ್ಡಮ್ಮ ನಾನು. ನನಗೆ ಗೊತ್ತಿರುವುದನ್ನು ಬರೆಯುತ್ತಿದ್ದೇನೆ. ಜೊತೆಗೆ ಬರುವ ಗೆಳತಿಯರಿಗೂ ಓದಲು ಕೊಡು.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಳೆಯಾಗಲಿ, ಕೆರೆಯಾಗಲಿ, ಹಿನ್ನೀರಾಗಲಿ, ಕಡಲಾಗಲಿ, ತೆರೆದ ನೀರಿನಲ್ಲಿ ಎಷ್ಟು ದೂರ ಈಜಬಲ್ಲೆ ಅನ್ನುವುದು ಎರಡನೆಯ ಪ್ರಶ್ನೆ. ಕೈಕಾಲು ಬಡಿಯುವುದನ್ನು ನಿಲ್ಲಿಸಿ, ಏನನ್ನೂ ಹಿಡಿದುಕೊಳ್ಳದೆ, ಉಸಿರು ಕೆಡಿಸಿಕೊಳ್ಳದೆ ಎಷ್ಟು ಹೊತ್ತು ನೀರಲ್ಲಿ ಸುಮ್ಮನಿರಬಲ್ಲೆ ಅನ್ನುವುದು ಮೊದಲನೆಯದು. ಅದು ಬಂದವಳಿಗೆ ಧೈರ್ಯ ತಾನಾಗಿ ಬರುತ್ತದೆ. ಅದು ಬಾರದೆ ಬರುವ ಧೈರ್ಯವನ್ನು ನಾನು ನಂಬುವುದಿಲ್ಲ, ನೀನೂ ನಂಬಬೇಡ.

ನೀನು ಕೊಳದಲ್ಲಿ ನಿಲ್ಲಿಸದೆ ಒಂದು ಕಿಲೋಮೀಟರ್ ಈಜುತ್ತೀಯ ಅಂತ ಗೊತ್ತು, ಅದು ಸಣ್ಣ ಸಾಧನೆಯಲ್ಲ. ಆದರೆ ಲೆಕ್ಕ ಸ್ವಲ್ಪ ಬಿಡಿಸಿ ನೋಡು. 25 ಮೀಟರಿನ ಕೊಳದಲ್ಲಿ ಒಂದು ಕಿಲೋಮೀಟರ್ ಅಂದರೆ 40 ಉದ್ದ. ಅದರಲ್ಲಿ 39 ಸಲ ಗೋಡೆ ಸಿಗುತ್ತದೆ. ಪ್ರತಿ ಸಲ ಗೋಡೆ ಒದ್ದು ನಾಲ್ಕೈದು ಮೀಟರ್ ಪುಕ್ಕಟೆಯಾಗಿ ಜಾರುತ್ತೀಯ. ಕೈಗೆ ಗೋಡೆ ತಾಗಿದ ಆ ಅರೆಕ್ಷಣದಲ್ಲಿ ಮನಸ್ಸಿಗೂ ಒಂದು ವಿರಾಮ ಸಿಕ್ಕಿರುತ್ತದೆ. ಕೆಳಗೆ ನೀಲಿ ಹೆಂಚಿನ ಮೇಲೆ ಕಪ್ಪು ಗೆರೆ ದಾರಿ ತೋರಿಸುತ್ತದೆ, ದಣಿದರೆ ಪಕ್ಕದಲ್ಲೇ ಹಗ್ಗವಿದೆ. ಕಡಲಲ್ಲಿ ಇದು ಯಾವುದೂ ಇಲ್ಲ. ಕನ್ನಡಕ ಹಾಕಿ ಮುಖ ಮುಳುಗಿಸಿದರೆ ನಿನ್ನ ಮೊಣಕೈ ಕಾಣಬಹುದು, ಅಂಗೈ ಕಾಣದಿರಬಹುದು. ಹೊಳೆಯ ಕೆಸರು ಕಲೆತ ನಮ್ಮ ಕರಾವಳಿಯ ನೀರು ಬಹಳ ದಿನ ಹಾಗೇ ಇರುತ್ತದೆ. ಕೊಳದಲ್ಲಿ ಚೆನ್ನಾಗಿ ಈಜುವವರು ಮೊದಲ ಸಲ ಕಡಲಿಗಿಳಿದು ಐವತ್ತು ಮೀಟರಿಗೇ ಏದುಸಿರು ಬಿಡುವುದು ತೋಳಿನ ಬಲ ಸಾಲದೆ ಅಲ್ಲ, ಮನಸ್ಸು ಗೋಡೆ ಹುಡುಕುತ್ತಿರುತ್ತದೆ.

ಅದಕ್ಕೇ ತೇಲುವುದರಿಂದ ಶುರುಮಾಡು. ಹೊಳೆಯಲ್ಲಿ ಮಕ್ಕಳಿಗೆ ಕಲಿಸುವಾಗ ನಾನು ಮಾಡುವುದು ಇಷ್ಟೇ: ಸೊಂಟದಷ್ಟು ನೀರಿನಲ್ಲಿ ಮಗುವನ್ನು ಅಂಗಾತ ಮಲಗಿಸಿ, ತಲೆಯ ಕೆಳಗೆ ಒಂದು ಕೈ, ಬೆನ್ನಿನ ಕೆಳಗೆ ಒಂದು ಕೈ ಇಡುತ್ತೇನೆ. ಮಗುವಿನ ಕತ್ತು ಮೊದಲು ಮರದ ಹಾಗೆ ಬಿಗಿದಿರುತ್ತದೆ. ಕಿವಿಗೆ ನೀರು ಹೋಗುತ್ತದೆಂದು ತಲೆ ಎತ್ತುತ್ತದೆ. ತಲೆ ಎತ್ತಿದ ಕೂಡಲೇ ಸೊಂಟ ಕುಸಿಯುತ್ತದೆ. ಕಿವಿ ಮುಳುಗಲಿ, ಆಕಾಶ ನೋಡು ಅಂತ ಹೇಳುತ್ತಾ ಕಾಯಬೇಕು. ಕಿವಿ ಎರಡೂ ನೀರೊಳಗೆ ಹೋದಾಗ ಹೊರಗಿನ ಗದ್ದಲವೆಲ್ಲ ನಿಂತು ತನ್ನ ಉಸಿರಿನ ಸದ್ದೊಂದೇ ಮಗುವಿಗೆ ಕೇಳಿಸುತ್ತದೆ. ಹುಬ್ಬಿನ ಗಂಟು ಬಿಡುತ್ತದೆ. ಮುಷ್ಟಿ ಬಿಚ್ಚುತ್ತದೆ. ಆಮೇಲೆ ಕತ್ತಿನ ಭಾರ ಪೂರ್ತಿ ನನ್ನ ಅಂಗೈಗೆ ಬೀಳುತ್ತದೆ. ಆಗ ಬೆನ್ನಿನ ಕೈಯನ್ನು ಮೆಲ್ಲಗೆ ತೆಗೆಯಬಹುದು. ಎಷ್ಟು ದೊಡ್ಡವರಾದರೂ ಈ ಪಾಠ ಹೀಗೇ ಆಗಬೇಕು.

ತೇಲುವುದು ಏಕೆ ಸಾಧ್ಯ ಅಂತ ತಿಳಿದಿದ್ದರೆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಗಾಳಿ ಇರುವುದು ಎದೆಯಲ್ಲಿ, ಆದ್ದರಿಂದ ಎದೆ ಮೇಲೇಳುತ್ತದೆ. ಕಾಲು ಭಾರ, ಅದಕ್ಕೇ ಇಳಿಯುತ್ತದೆ. ಕೈಗಳನ್ನು ತಲೆಯ ಹಿಂದಕ್ಕೆ ಚಾಚಿದರೆ ತೂಕ ಆ ಕಡೆ ಸರಿದು ಕಾಲು ತುಸು ಎದ್ದುಬರುತ್ತದೆ. ಕಾಲು ಪೂರ್ತಿ ಮೇಲೆ ಬರದಿದ್ದರೂ ಚಿಂತೆಯಿಲ್ಲ, ಬಾಯಿ ಮೂಗು ನೀರಿನ ಮೇಲಿದ್ದರೆ ಸಾಕು. ಸಮುದ್ರದ ನೀರು ಇನ್ನೂ ಸಹಾಯಕ್ಕೆ ಬರುತ್ತದೆ. ಒಂದು ಲೀಟರ್ ಸಿಹಿನೀರು ಒಂದು ಕಿಲೋ ತೂಗಿದರೆ, ಒಂದು ಲೀಟರ್ ಉಪ್ಪುನೀರು ಸುಮಾರು 1025 ಗ್ರಾಂ ತೂಗುತ್ತದೆ. ಆ 25 ಗ್ರಾಮಿನ ವ್ಯತ್ಯಾಸ ಮೈಗೆ ತಿಳಿಯುತ್ತದೆ. ಕೊಳದಲ್ಲಿ ತೇಲಲು ಬಂದವಳಿಗೆ ಕಡಲಲ್ಲಿ ತೇಲುವುದು ಸುಲಭ. ಅಲೆಗೆ ಹೊಂದಿಕೊಂಡು ಉಸಿರಾಡುವುದನ್ನು ಮಾತ್ರ ಕಲಿತುಕೊಳ್ಳಬೇಕು.

ಬ್ರಿಟನ್ನಿನಲ್ಲಿ 1824ರಿಂದ ಕಡಲಲ್ಲಿ ಜೀವ ಉಳಿಸುವ ಕೆಲಸ ಮಾಡುತ್ತಿರುವ ಆರ್‌ಎನ್‌ಎಲ್‌ಐ ಎಂಬ ಸಂಸ್ಥೆಯಿದೆ. ಅಚಾನಕ್ಕಾಗಿ ನೀರಿಗೆ ಬಿದ್ದವರಿಗೆ ಅದು ಹೇಳುವ ಮೊದಲ ಮಾತು ಈಜು ಅಂತಲ್ಲ, ತೇಲು ಅಂತ. ಅಲ್ಲಿನ ತಣ್ಣೀರು ತಾಗಿದ ಕೂಡಲೇ ಉಸಿರು ಹಿಡಿತ ತಪ್ಪುತ್ತದೆ. ಆ ಹೊತ್ತಿನಲ್ಲಿ ಕೈಕಾಲು ಬಡಿದರೆ ನೀರು ಒಳಗೆ ಹೋಗುತ್ತದೆ. ಮೊದಲ ಒಂದೆರಡು ನಿಮಿಷ ಅಂಗಾತ ತೇಲಿದರೆ ಉಸಿರು ತಹಬಂದಿಗೆ ಬರುತ್ತದೆ. ನಮ್ಮ ಕಡಲು ಬೆಚ್ಚಗಿದ್ದರೂ ಗಾಬರಿ ಮಾಡುವ ಕೆಲಸ ಅದೇ. ಹೀಗಾಗಿ ನೀರಿಗಿಳಿದ ಮೊದಲ ಎರಡು ನಿಮಿಷ ಈಜಬೇಡ. ಕತ್ತಿನವರೆಗೆ ನೀರಿಗೆ ಇಳಿ, ಮುಖ ತೊಳೆದುಕೋ, ಬಾಯಿ ಮುಳುಗಿಸಿ ಉಸಿರು ಬಿಡು, ಅಂಗಾತ ಮಲಗು. ಉಸಿರು ಎಂದಿನಂತಾದ ಮೇಲೆ ಹೊರಡು. ಮಧ್ಯೆ ಎಲ್ಲಾದರೂ ಗಾಬರಿಯಾದರೂ ಇದೇ ಮದ್ದು.

ಉಸಿರಿನ ವಿಷಯ ಇನ್ನೊಂದಿದೆ. ನೀರೊಳಗೆ ಉಸಿರು ಹಿಡಿದುಕೊಳ್ಳುವವರೇ ಬೇಗ ದಣಿಯುತ್ತಾರೆ. ಮುಖ ಮುಳುಗಿರುವಷ್ಟು ಹೊತ್ತೂ ಮೂಗು ಬಾಯಿಯಿಂದ ಗುಳ್ಳೆ ಬಿಡುತ್ತಲೇ ಇರು, ತಿರುಗಿದಾಗ ಬರೀ ಒಳಗೆಳೆದುಕೊಳ್ಳುವ ಕೆಲಸ ಇರಬೇಕು. ಬಲಕ್ಕೂ ಎಡಕ್ಕೂ ಉಸಿರು ತೆಗೆದುಕೊಳ್ಳಲು ಈಗಲೇ ರೂಢಿಮಾಡು. ಕಡಲಲ್ಲಿ ಗಾಳಿ, ಅಲೆ, ಬಿಸಿಲು ಯಾವ ಕಡೆಯಿಂದ ಬರುತ್ತದೆಂದು ನೀನು ನಿರ್ಧರಿಸಲಾರೆ. ಒಂದೇ ಕಡೆ ತಿರುಗಲು ಬರುವವಳಿಗೆ ಆ ಕಡೆಯಿಂದಲೇ ಅಲೆ ಬಂದರೆ ಪ್ರತಿ ಉಸಿರಿಗೂ ಒಂದು ಗುಟುಕು ಉಪ್ಪುನೀರು. ನೀರಿಗಿಳಿಯುವ ಮೊದಲು ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಟ್ಟು, ಆಮೇಲೆ ಮುಳುಗಿ ಯಾರು ಹೆಚ್ಚು ಹೊತ್ತು ಇರುತ್ತಾರೆಂದು ಪಂದ್ಯ ಕಟ್ಟುವ ಆಟ ಹುಡುಗರಲ್ಲಿದೆ. ಅದನ್ನು ಯಾವತ್ತೂ ಆಡಬೇಡ, ಆಡುವವರನ್ನು ತಡೆ. ಹಾಗೆ ಮಾಡಿದಾಗ ಉಸಿರು ಬೇಕೆಂಬ ಒತ್ತಡ ಬರುವ ಮೊದಲೇ ಎಚ್ಚರ ತಪ್ಪುತ್ತದೆ. ಚೆನ್ನಾಗಿ ಈಜುವವರೂ ಹೀಗೆ ಹೋಗಿದ್ದಾರೆ.

ಇನ್ನು ದಿಕ್ಕು. ಕಪ್ಪು ಗೆರೆ ಇಲ್ಲದ ಕಡೆ ನೇರ ಹೋಗುವುದು ಬೇರೆಯೇ ವಿದ್ಯೆ. ಕೊಳದಲ್ಲಿ ಪಕ್ಕದ ಸಾಲು ಖಾಲಿಯಿದ್ದಾಗ ಕಣ್ಣು ಮುಚ್ಚಿ ಹತ್ತು ಬೀಸು ಈಜಿ ನೋಡು. ಎಡಕ್ಕೋ ಬಲಕ್ಕೋ ಜರುಗಿರುತ್ತೀಯ. ಯಾವ ಕಡೆ ಎಳೆಯುತ್ತೀಯ ಅಂತ ತಿಳಿದುಕೊಂಡರೆ ಅರ್ಧ ಗೆದ್ದ ಹಾಗೆ. ಮಿಕ್ಕ ಅರ್ಧಕ್ಕೆ ಆರೇಳು ಬೀಸಿಗೊಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ಬರುವಷ್ಟು ತಲೆಯೆತ್ತಿ ಗುರಿ ನೋಡಬೇಕು. ನೋಡಿದ ಮೇಲೆ ಪಕ್ಕಕ್ಕೆ ತಿರುಗಿ ಉಸಿರು ತೆಗೆದುಕೋ. ತಲೆ ಪೂರ್ತಿ ಎತ್ತಿದರೆ ಕಾಲು ಇಳಿಯುತ್ತದೆ, ಮತ್ತೆ ಕಾಲೆತ್ತಲು ಬಲ ಹಾಳು. ಗುರಿ ಎತ್ತರದ್ದಾಗಿರಲಿ, ಕದಲದ್ದಾಗಿರಲಿ. ಕಾಪುವಿನಲ್ಲಾದರೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಬೇರೆ ಕಡೆ ದೇವಸ್ಥಾನದ ಗೋಪುರ, ನೀರಿನ ಟ್ಯಾಂಕು, ಒಂಟಿ ತೆಂಗಿನ ಮರ ಏನಾದರೂ ಸಿಗುತ್ತದೆ. ಲಂಗರು ಹಾಕಿದ ದೋಣಿಯನ್ನು ಗುರಿ ಮಾಡಿಕೊಳ್ಳಬೇಡ, ಗಾಳಿ ತಿರುಗಿದರೆ ಅದೂ ತಿರುಗುತ್ತದೆ.

ಈ ಅಭ್ಯಾಸವೆಲ್ಲ ಬೆಂಗಳೂರಿನ ಕೊಳದಲ್ಲೇ ಸಾಧ್ಯ. ಇನ್ನೆರಡು ಸೇರಿಸು. ಕೊನೆಯ ಹತ್ತು ಉದ್ದ ಈಜುವಾಗ ಗೋಡೆ ಮುಟ್ಟದೆ, ಒಂದು ಮೀಟರ್ ಮೊದಲೇ ತಿರುಗಿಕೊಂಡು ಬಾ. ಒದೆತದ ಸಹಾಯ ತಪ್ಪಿದಾಗ ನಿನ್ನ ನಿಜವಾದ ಬಲ ಗೊತ್ತಾಗುತ್ತದೆ. ಮತ್ತೆ, ನಿನ್ನ ಈಜು ಗುರುಗಳ ಒಪ್ಪಿಗೆ ಪಡೆದು, ಅವರ ಎದುರಿಗೇ ಒಂದು ದಿನ ಚೂಡಿದಾರ ಹಾಕಿಕೊಂಡು ಇಳಿದು ತೇಲಿ ನೋಡು. ನೀರಿಗೆ ಬೀಳುವವರು ಈಜುಡುಪು ಹಾಕಿಕೊಂಡು ಬೀಳುವುದಿಲ್ಲ. ಬಟ್ಟೆ ನೆನೆದಾಗ ಮೈ ಎಷ್ಟು ಜಡವಾಗುತ್ತದೆಂದು ಹೆಣ್ಣುಮಕ್ಕಳಿಗಂತೂ ಗೊತ್ತಿರಲೇಬೇಕು.

ಕೊಳದಿಂದ ನೇರ ಕಡಲಿಗೆ ಹಾರಬೇಡ. ನಡುವೆ ಅಲೆಯಿಲ್ಲದ ನೀರಿನ ಮೆಟ್ಟಿಲು ಇರಲಿ. ನಮ್ಮ ಹೊಳೆಯಲ್ಲಿ ಕಾಲಿಗೆ ಮರಳು ಸಿಗುವ, ದಡ ಇಳಿಜಾರಾಗಿರುವ ಜಾಗಗಳಿವೆ, ಅಲ್ಲಿ ಶುರುಮಾಡೋಣ. ಮೊದಲು ನಿಲ್ಲಲು ಬರುವ ಆಳ, ಆಮೇಲೆ ದೋಣಿಯ ಪಕ್ಕದಲ್ಲಿ ಆಳದ ನೀರು. ಆಳ ಕಂಡರೆ ಹೊಟ್ಟೆಯಲ್ಲಿ ಕಸಿವಿಸಿಯಾಗುವುದು ಎಲ್ಲರಿಗೂ ಇರುವಂಥದ್ದೇ. ಕೆಳಗೆ ಹತ್ತು ಅಡಿ ಇರಲಿ, ಐವತ್ತು ಅಡಿ ಇರಲಿ, ನೀನು ಈಜುವುದು ಮೇಲಿನ ಎರಡು ಅಡಿಯಲ್ಲಿ. ಅದನ್ನು ಬುದ್ಧಿ ಬೇಗ ಒಪ್ಪುತ್ತದೆ, ಮೈ ಒಪ್ಪಲು ಕೆಲವು ದಿನ ಬೇಕು. ಆ ದಿನಗಳನ್ನು ಮೈಗೆ ಕೊಡು.

ಕಡಲಿಗೆ ಬಂದ ಮೇಲೆ ಎದೆಮಟ್ಟದ ನೀರಿನಲ್ಲಿ ದಡಕ್ಕೆ ಸಮಾನಾಂತರವಾಗಿ ಈಜು, ದಡ ಬಿಟ್ಟು ಒಳಕ್ಕೆ ಹೋಗಬೇಡ. ಇನ್ನೂರು ಮೀಟರ್ ಹೋಗಿ, ನಿಂತು, ದಡದಲ್ಲಿ ನಡೆದು ವಾಪಸ್ ಬಂದರೂ ಅದು ಕಡಲ ಈಜೇ. 2008ರಲ್ಲಿ ಬೀಜಿಂಗಿನಿಂದ ಒಲಿಂಪಿಕ್ಸಿಗೆ ಸೇರಿದ 10 ಕಿಲೋಮೀಟರಿನ ಈಜು, ಮುರ್ಶಿದಾಬಾದಿನಲ್ಲಿ ಭಾಗೀರಥಿಯ ಮೇಲೆ ನಡೆಯುವ 81 ಕಿಲೋಮೀಟರಿನ ಸ್ಪರ್ಧೆ ಇವನ್ನೆಲ್ಲ ನೋಡಿ ಆಸೆಪಡು. ಆದರೆ ಅಲ್ಲಿ ಈಜುವವರೂ ಇಂಥ ಇನ್ನೂರು ಮೀಟರುಗಳನ್ನು ಕೂಡಿಸುತ್ತಲೇ ಅಲ್ಲಿಗೆ ಮುಟ್ಟಿದ್ದು.

ಈಗ ನೀರನ್ನು ಓದುವ ವಿಷಯ. ನಿನ್ನ ಗುರುಗಳು ಕಲಿಸಲಾಗದ್ದು ಇದು, ನಾಡದೋಣಿಯವರಿಂದ ಕಲಿಯಬೇಕು. ಬೆಳಗ್ಗೆ ಅವರು ದೋಣಿ ಇಳಿಸುವ ಜಾಗಕ್ಕೆ ಹೋಗಿ ಸುಮ್ಮನೆ ನಿಂತು ನೋಡು. ದೋಣಿಯನ್ನು ನೀರಿನ ಅಂಚಿಗೆ ತಂದು ನಿಲ್ಲಿಸಿ, ಆ ಕಡೆ ಈ ಕಡೆ ಕೈಯಿಟ್ಟು, ಮಾತಿಲ್ಲದೆ ಕಡಲಿಗೆ ಮುಖ ಮಾಡಿ ನಿಂತಿರುತ್ತಾರೆ. ದೊಡ್ಡ ಅಲೆ ಬರುತ್ತದೆ, ಕದಲುವುದಿಲ್ಲ. ಇನ್ನೊಂದು ಬರುತ್ತದೆ, ಕದಲುವುದಿಲ್ಲ. ಒಂದು ಗಳಿಗೆಯಲ್ಲಿ ಹಿರಿಯನೊಬ್ಬ ಕೂಗುತ್ತಾನೆ, ಎಲ್ಲರೂ ಒಟ್ಟಿಗೆ ನೂಕಿ ಹಾರಿ ಕೂರುತ್ತಾರೆ. ಮುಂದಿನ ದೊಡ್ಡ ಅಲೆ ಬರುವ ಹೊತ್ತಿಗೆ ದೋಣಿ ನೊರೆಯ ಆಚೆಗಿರುತ್ತದೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಎರಡು ಗುಂಪಿನ ನಡುವೆ ಬಿಡುವಿರುತ್ತದೆ. ಆ ಬಿಡುವಿಗಾಗಿ ಅವರು ಕಾಯುತ್ತಾರೆ. ನೀನೂ ಇಳಿಯುವ ಮೊದಲು ಹತ್ತು ನಿಮಿಷ ಹಾಗೇ ನಿಲ್ಲು.

ಋತು ನೋಡು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತತಿ ಬೆಳೆಯಲಿ ಅಂತ ಆ ನಿಯಮ, ಆದರೆ ಕಡಲೂ ಆ ತಿಂಗಳುಗಳಲ್ಲಿ ಮನುಷ್ಯರನ್ನು ಒಳಗೆ ಬಿಟ್ಟುಕೊಳ್ಳುವಂತಿರುವುದಿಲ್ಲ. ಮೀನುಗಾರರು ಸಮುದ್ರ ಪೂಜೆ ಮಾಡಿ, ತೆಂಗಿನಕಾಯಿ, ಹಾಲು ಅರ್ಪಿಸಿದ ಮೇಲೂ ಮಳೆಗಾಲ ಪೂರ್ತಿ ಮುಗಿಯುವವರೆಗೆ ಈಜುವವರು ಕಾಯಬೇಕು. ಡಿಸೆಂಬರಿನಿಂದ ಫೆಬ್ರುವರಿವರೆಗಿನ ಬೆಳಗುಗಳು ಒಳ್ಳೆಯವು. ಮಧ್ಯಾಹ್ನವಾದಂತೆ ಕಡಲ ಗಾಳಿ ಏಳುತ್ತದೆ, ನೀರು ಕದಡುತ್ತದೆ. ಅಷ್ಟರಲ್ಲಿ ನೀನು ಮನೆಯಲ್ಲಿ ಗಂಜಿ ಉಣ್ಣುತ್ತಿರಬೇಕು.

ಉಬ್ಬರ ಇಳಿತ ನೋಡು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಹನ್ನೆರಡೂವರೆ ಗಂಟೆ, ಆದ್ದರಿಂದ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಕೋಡಿ ಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ಎರಡೂ ಕಡಲಿಗೆ ಸೇರುವ ಅಳಿವೆ ನಿನಗೆ ಗೊತ್ತಲ್ಲ, ನೋಡಲು ಎಷ್ಟು ಶಾಂತ. ಇಳಿತದ ಹೊತ್ತಿನಲ್ಲಿ ಹೊಳೆಗಳ ನೀರೂ ಹಿಂದಕ್ಕೆ ಸರಿಯುವ ಕಡಲ ನೀರೂ ಆ ಒಂದು ಬಾಗಿಲಿನಿಂದಲೇ ಹೊರಗೆ ಓಡಬೇಕು. ಅಳಿವೆಯಲ್ಲಿ ಈಜಬೇಡ, ಯಾವ ಅಳಿವೆಯಲ್ಲೂ, ಯಾವ ಹೊತ್ತಿನಲ್ಲೂ. ಇದನ್ನು ನಾನು ಕೇಳಿಕೊಳ್ಳುತ್ತಿಲ್ಲ, ದೊಡ್ಡಮ್ಮನಾಗಿ ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ಜೀವ ತೆಗೆಯುವುದು ದಡದಿಂದ ಕಡಲಿನ ಕಡೆಗೆ ಹೋಗುವ ಸೆಳೆತ. ಪೇಪರಿನವರು ರಿಪ್ ಕರೆಂಟ್ ಅಂತ ಬರೆಯುತ್ತಾರೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲೋ ಒಂದು ಕಡೆ ದಾರಿ ಮಾಡಿಕೊಂಡು ಹಿಂದಕ್ಕೆ ಹೋಗಲೇಬೇಕು. ಆ ದಾರಿಯಲ್ಲಿ ತಳ ಆಳ, ಅಲೆ ಒಡೆಯುವುದಿಲ್ಲ. ಎರಡೂ ಪಕ್ಕದಲ್ಲಿ ಬಿಳಿ ನೊರೆ ಏಳುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಗಾಢ ಬಣ್ಣದಲ್ಲಿ, ಅಲೆಯಿಲ್ಲದೆ, ತಣ್ಣಗೆ ಕಾಣುತ್ತದೆ. ಕೆಲವೊಮ್ಮೆ ಅದರ ಮೇಲೆ ಕಸ, ನೊರೆಯ ತುಣುಕು ಕಡಲಿನ ಕಡೆಗೆ ತೇಲಿಹೋಗುತ್ತಿರುತ್ತದೆ. ಕಡಲು ಗೊತ್ತಿಲ್ಲದವರು ಅಲೆ ಇಲ್ಲದ ಜಾಗ ಒಳ್ಳೆಯದೆಂದು ಅಲ್ಲಿಗೇ ಇಳಿಯುತ್ತಾರೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ನಾಲ್ವರು ಶಾಲಾ ಹುಡುಗಿಯರು ಮುರ್ಡೇಶ್ವರದ ಕಡಲಲ್ಲಿ ತೀರಿಕೊಂಡರು. ನಿನಗಿಂತ ಚಿಕ್ಕವರು. ಬಯಲುಸೀಮೆಯ ಮಕ್ಕಳಿಗೆ ಕಡಲನ್ನು ನೋಡುವ ಆಸೆ ಇರುವುದು ಸಹಜ. ಕಡಲನ್ನು ಓದುವುದು ಹೇಗೆಂದು ಅವರಿಗೆ ಯಾರಾದರೂ ಹೇಳಿಕೊಡಬೇಕು ತಾನೆ?

ಸೆಳೆತಕ್ಕೆ ಸಿಕ್ಕಿದರೆ ಏನು ಮಾಡಬೇಕೆಂದು ಬಾಯಿಪಾಠ ಮಾಡಿಕೋ. ಬಲವಾದ ಸೆಳೆತ ಸೆಕೆಂಡಿಗೆ 2 ಮೀಟರಿಗೂ ಮೀರಿ ಓಡಬಲ್ಲದು. ಜಗತ್ತಿನ ಅತಿ ವೇಗದ ಈಜುಗಾರರು ಹೆಚ್ಚುಕಡಿಮೆ ಅಷ್ಟು ವೇಗವನ್ನು ಒಂದು ನಿಮಿಷದ ಮಟ್ಟಿಗೆ ತೋರಿಸಬಲ್ಲರು. ಆದ್ದರಿಂದ ಅದರ ಎದುರು ದಡದ ಕಡೆ ಈಜಿದರೆ ಸೋಲುವುದು ನೀನೇ. ಸೆಳೆತ ನಿನ್ನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಅಲೆ ಒಡೆಯುವ ಸಾಲು ದಾಟಿದ ಮೇಲೆ ಅದರ ಬಲ ಕುಗ್ಗುತ್ತದೆ. ಅಂಗಾತ ತೇಲು, ಉಸಿರು ಸರಿಮಾಡಿಕೋ, ಒಂದು ಕೈ ಎತ್ತಿ ಬೀಸು, ಕೂಗು. ಬಲ ಉಳಿದಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆ ಏಳುವ ಕಡೆಗೆ ಬಂದು, ಅಲೆಯ ಜೊತೆ ಓರೆಯಾಗಿ ದಡ ಸೇರು. ಸುಮ್ಮನಿರುವುದನ್ನು ಕಲಿ ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದು ಈ ಹೊತ್ತಿಗಾಗಿ. ತೇಲಲು ಬಂದವಳಿಗೆ ಸೆಳೆತ ಒಂದು ತೊಂದರೆ ಮಾತ್ರ. ಬಾರದವಳ ಪಾಲಿಗೆ ಅದೇ ಕೊನೆ.

ಇಳಿಯುವಾಗ ಕಾಲನ್ನು ಎತ್ತಿ ಇಡದೆ ಮರಳಿನ ಮೇಲೆ ಎಳೆಯುತ್ತಾ ಹೋಗು. ಮರಳಲ್ಲಿ ಹುದುಗಿರುವ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ, ತುಳಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ಎದುರು ಬರುವ ಒಡೆಯುವ ಅಲೆಯನ್ನು ಹಾರಿ ದಾಟಲು ಹೋಗಬೇಡ, ಕೈ ಮುಂದೆ ಚಾಚಿ ಅದರ ಕೆಳಗೆ ನುಗ್ಗು. ಹಿಂದೆ ಬರುವಾಗಲೂ ಆಗಾಗ ತಿರುಗಿ ಅಲೆ ನೋಡು. ಮೊಣಕಾಲಿನ ನೀರಿಗೆ ಬಂದೆನೆಂದು ಕಡಲಿಗೆ ಬೆನ್ನು ಹಾಕಿ ನಿಂತವರನ್ನು ಅಲೆ ಕೆಡವುತ್ತದೆ.

ಒಬ್ಬಳೇ ಇಳಿಯಬೇಡ. ಜೊತೆಗೆ ಈಜುವವರು ಒಬ್ಬರು, ದಡದಲ್ಲಿ ಕಣ್ಣಿಟ್ಟು ಕೂತವರು ಒಬ್ಬರು, ದೂರ ಹೋಗುವುದಾದರೆ ಪಕ್ಕದಲ್ಲಿ ದೋಣಿ. ಕಿತ್ತಳೆಯೋ ಹಳದಿಯೋ ಬಣ್ಣದ ಟೋಪಿ ಹಾಕಿಕೋ. ಸೊಂಟಕ್ಕೆ ಕಟ್ಟಿಕೊಂಡು ಹಿಂದೆ ಎಳೆದುಕೊಂಡು ಹೋಗುವ ಗಾಳಿ ತುಂಬಿದ ತೇಲುಚೀಲ ಈಗ ಸಿಗುತ್ತದೆ, ತೆಗೆದುಕೋ. ದಣಿದಾಗ ಹಿಡಿದುಕೊಳ್ಳಬಹುದು, ದೋಣಿಯವರಿಗೆ ದೂರದಿಂದ ಕಾಣುತ್ತೀಯ. ಅದು ಇದೆಯೆಂದು ಬಲಕ್ಕೆ ಮೀರಿ ದೂರ ಹೋಗಬಾರದು. ಪಡುಬಿದ್ರಿ, ಕಾಸರಕೋಡಿನಂಥ, 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಪಡೆದ ಕಡಲತೀರಗಳಲ್ಲಿ ಜೀವರಕ್ಷಕರಿರುತ್ತಾರೆ. ಅವರು ಸೀಟಿ ಊದಿದರೆ ವಾದ ಮಾಡದೆ ಹೊರಗೆ ಬಾ. ಕೆಂಪು ಬಾವುಟ ಹಾರುತ್ತಿದ್ದರೆ ಆ ದಿನ ಮರಳಲ್ಲಿ ನಡೆದಾಡು.

ನಮ್ಮದು ಬೆಚ್ಚಗಿನ ಕಡಲು ಅನ್ನುವುದು ಹಿತವೂ ಹೌದು, ಎಚ್ಚರಿಕೆಯೂ ಹೌದು. 2010ರ ಅಕ್ಟೋಬರಿನಲ್ಲಿ ಯುಎಇಯ ಫುಜೈರಾದಲ್ಲಿ ನಡೆದ 10 ಕಿಲೋಮೀಟರ್ ಸ್ಪರ್ಧೆಯಲ್ಲಿ ಅಮೆರಿಕದ ಫ್ರಾನ್ ಕ್ರಿಪನ್ ಎಂಬ ಶ್ರೇಷ್ಠ ಈಜುಗಾರ ನೀರಲ್ಲೇ ತೀರಿಕೊಂಡ. ಅಂದು ನೀರೂ ಗಾಳಿಯೂ ಕಾದಿದ್ದವು. ಆ ಸಾವಿನ ನಂತರ ನೀರಿನ ಬಿಸಿ 31 ಡಿಗ್ರಿ ಸೆಲ್ಸಿಯಸ್ ಮೀರಿದರೆ ಸ್ಪರ್ಧೆ ನಡೆಸಬಾರದೆಂಬ ನಿಯಮ ಬಂತು. ನೀರಲ್ಲಿರುವವರಿಗೆ ಬೆವರುವುದು ತಿಳಿಯುವುದಿಲ್ಲ, ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಇಳಿಯುವ ಮೊದಲು ನೀರು ಕುಡಿ, ಅರ್ಧ ಗಂಟೆ ಮೀರಿದರೆ ನಡುವೆಯೂ ಕುಡಿ, ಬಿಸಿಲೇರುವ ಮೊದಲು ಮುಗಿಸು. ಕಂಕುಳು, ಕತ್ತಿಗೆ ವ್ಯಾಸಲಿನ್ ಹಚ್ಚಿಕೋ, ಉಪ್ಪುನೀರಿನಲ್ಲಿ ಬಟ್ಟೆ ತಿಕ್ಕಿ ಚರ್ಮ ಸುಲಿಯುತ್ತದೆ. ಮೀನಖಂಡ ಹಿಡಿದುಕೊಂಡರೆ ಅಂಗಾತ ತೇಲಿ, ಕಾಲ್ಬೆರಳನ್ನು ನಿನ್ನ ಕಡೆಗೆ ಎಳೆದು ಹಿಡಿ, ಬಿಡುತ್ತದೆ. ಜ್ವರ ಬಂದ ಮೈಯಲ್ಲಿ, ನಿದ್ದೆಗೆಟ್ಟ ಮೈಯಲ್ಲಿ ಇಳಿಯಬೇಡ. ಜೋರು ಮಳೆಯ ನಂತರ ಗಾಯವಿರುವ ಕಾಲಿನಲ್ಲಿ ಹೊಳೆ ಕೆರೆಗೆ ಇಳಿದರೆ ಇಲಿಜ್ವರ ತಗುಲಬಹುದು, ಅದೂ ನೆನಪಿರಲಿ.

ಕಡಲೊಂದೇ ಅಪಾಯದ ನೀರಲ್ಲ. ನಿನ್ನ ಗೆಳತಿಯರಲ್ಲಿ ಬಯಲುಸೀಮೆಯವರಿದ್ದಾರೆ, ಅವರಿಗೆ ಇದನ್ನು ತಪ್ಪದೆ ಓದಿಸು. ಹೊಲದಲ್ಲಿ ತೋಡಿರುವ ಕೃಷಿಹೊಂಡಗಳ ಒಳಮೈಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಆ ಹಾಳೆಯ ಮೇಲೆ ಪಾಚಿ ಕಟ್ಟಿ, ನೀರು ತಾಗಿದ ಭಾಗ ಲೋಳೆಯಂತಾಗಿರುತ್ತದೆ. ಒಳಗೆ ಬಿದ್ದವರಿಗೆ ಎರಡಡಿ ದೂರದಲ್ಲಿ ಅಂಚು ಕಾಣುತ್ತಿರುತ್ತದೆ. ಕೈ ಇಟ್ಟರೆ ಜಾರುತ್ತದೆ, ಪಾದ ಊರಿದರೆ ಜಾರುತ್ತದೆ, ಉಗುರಿಗೂ ಹಿಡಿತ ಸಿಗುವುದಿಲ್ಲ. ಈಜು ಬರುವವರೂ ಹತ್ತಲಾಗದೆ ದಣಿದು ಮುಳುಗುವುದು ಹೀಗೆ. ಹೊಂಡಕ್ಕೆ ಸುತ್ತ ಬೇಲಿ ಇರಬೇಕು, ಒಳಗೆ ಇಳಿಬಿಟ್ಟ ಗಂಟುಹಾಕಿದ ಹಗ್ಗವೋ ಏಣಿಯೋ ಇರಬೇಕು. ಇಲ್ಲದಿದ್ದರೆ ಮನೆಯವರಿಗೆ ಹೇಳಿ ಹಾಕಿಸಲಿ. ಕೆಲಸ ನಿಂತ ಕಲ್ಲುಕ್ವಾರಿಗಳೂ ಹಾಗೆಯೇ, ನಾಲ್ಕೂ ಕಡೆ ಕಡಿದಾದ ಬಂಡೆ, ಹತ್ತಲು ಜಾಗವಿಲ್ಲ. ಕೆರೆಗಳಲ್ಲಿ ಹೂಳು, ತಾವರೆಯ ಬಳ್ಳಿ ಕಾಲಿಗೆ ತೊಡರುತ್ತವೆ. ಎಲ್ಲೇ ಆಗಲಿ, ಹತ್ತುವ ಜಾಗ ನೋಡಿಕೊಂಡ ಮೇಲೆ ಇಳಿಯುವ ಮಾತು.

ಬೇರೆಯವರು ಮುಳುಗುವುದನ್ನು ಕಂಡರೆ? ಸಿನಿಮಾದಲ್ಲಿ ಮಾಡುವ ಹಾಗೆ ಮುಳುಗುವವರು ಕೂಗಿ ಕೈ ಬೀಸುವುದು ಅಪರೂಪ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗು ಎಲ್ಲಿಂದ ಬರಬೇಕು? ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ತೆರೆದುಕೊಂಡು, ಕೈ ಎರಡೂ ಪಕ್ಕದಲ್ಲಿ ನೀರನ್ನು ಒತ್ತುತ್ತಿದ್ದರೆ ಅವರಿಗೆ ಸಹಾಯ ಬೇಕು. ಆದರೆ ಹಾರಬೇಡ. ನಮ್ಮಲ್ಲಿ ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿ ಓದದ ಬೇಸಿಗೆಯೇ ಇಲ್ಲ. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಹಿಡಿದು ಅದರ ಮೇಲೆ ಹತ್ತುತ್ತಾರೆ, ಅದು ನಿನ್ನ ತಲೆಯಾದರೂ ಸರಿ. ಕೂಗಿ ಜನ ಸೇರಿಸು, 112ಕ್ಕೆ ಫೋನು ಮಾಡಿಸು. ಕೋಲು, ಬಿದಿರು, ದುಪಟ್ಟಾ, ಪಂಚೆ ಏನಿದೆಯೋ ಅದನ್ನು ಚಾಚು. ನೀನು ಮಲಗಿಕೊಂಡು ಚಾಚು, ಇಲ್ಲದಿದ್ದರೆ ಅವರು ನಿನ್ನನ್ನೂ ಎಳೆದುಕೊಳ್ಳುತ್ತಾರೆ. ತಲುಪದಿದ್ದರೆ ತೇಲುವಂಥದ್ದನ್ನು ಎಸೆ. ಮುಚ್ಚಳ ಬಿಗಿದ ಖಾಲಿ ಕ್ಯಾನು ಒಬ್ಬ ಮನುಷ್ಯನನ್ನು ತೇಲಿಸಲು ಸಾಕು, ಬಾಯಿ ಕೆಳಗಾಗಿ ಅಪ್ಪಿ ಹಿಡಿದರೆ ಪ್ಲಾಸ್ಟಿಕ್ ಕೊಡವೂ ತೇಲಿಸುತ್ತದೆ. ನೀರಿಗಿಳಿದು ಎಳೆದು ತರುವುದು ಅದಕ್ಕೆಂದೇ ತರಬೇತಿ ಪಡೆದವರ ಕೆಲಸ. ಮುಂದೆ ಆ ತರಬೇತಿಯನ್ನೂ ನೀನು ಪಡೆಯಬೇಕೆಂಬುದು ನನ್ನ ಆಸೆ.

ಕೊನೆಯ ವಿದ್ಯೆ ಹಿಂದಿರುಗುವುದು. 1875ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಮೊಟ್ಟಮೊದಲು ಈಜಿ ದಾಟಿದ ಕ್ಯಾಪ್ಟನ್ ಮ್ಯಾಥ್ಯೂ ವೆಬ್, ಆ ಆಗಸ್ಟಿನಲ್ಲೇ ಒಮ್ಮೆ ಹೊರಟು ಹವೆ ಕೆಟ್ಟಿತೆಂದು ಬಿಟ್ಟು ಬಂದಿದ್ದ. ಎರಡು ವಾರದೊಳಗೆ ಮತ್ತೆ ಇಳಿದು 21 ಗಂಟೆ 45 ನಿಮಿಷದಲ್ಲಿ ದಾಟಿದ. ನಮ್ಮ ಕೋಲ್ಕತ್ತದ ಹುಡುಗಿ ಆರತಿ ಸಾಹಾ 1959ರ ಆಗಸ್ಟ್ 27ರಂದು ಅದೇ ಕಾಲುವೆಗೆ ಇಳಿದಳು. ಜೊತೆಗೆ ಬರಬೇಕಾದ ದೋಣಿ ತಡವಾಗಿ ಬಂತು, ಅಷ್ಟರಲ್ಲಿ ಅನುಕೂಲದ ನೀರು ಕಳೆದಿತ್ತು. ಹದಿನಾಲ್ಕು ಗಂಟೆಗೂ ಮೀರಿ ಈಜಿ, ಇಂಗ್ಲೆಂಡಿನ ದಡ ಇನ್ನೇನು ಐದು ಮೈಲಿ ಇದೆ ಅನ್ನುವಾಗ ಎದುರು ಸೆಳೆತಕ್ಕೆ ಸಿಕ್ಕಿ, ನೀರಿನಿಂದ ಮೇಲೆ ಬರಬೇಕಾಯಿತು. ಆಗ ಅವಳಿಗೆ ಹತ್ತೊಂಬತ್ತರ ಹತ್ತಿರದ ವಯಸ್ಸು. ಎಷ್ಟು ನೊಂದಿರಬೇಕು! ಸೆಪ್ಟೆಂಬರ್ 29ರಂದು ಅವಳು ಮತ್ತೆ ಇಳಿದು 16 ಗಂಟೆ 20 ನಿಮಿಷದಲ್ಲಿ ದಾಟಿದಳು, ಹಾಗೆ ದಾಟಿದ ಏಷ್ಯಾದ ಮೊದಲ ಮಹಿಳೆಯಾದಳು. ಮರುವರ್ಷ ಪದ್ಮಶ್ರೀ ಬಂತು. ಆಗಸ್ಟಿನಲ್ಲಿ ಮೇಲೆ ಬಂದದ್ದರಿಂದಲೇ ಸೆಪ್ಟೆಂಬರ್ ಸಿಕ್ಕಿತು. ಗೆಳತಿಯರು ನಗುತ್ತಾರೆಂದು, ಮೊಬೈಲಿನಲ್ಲಿ ವಿಡಿಯೊ ಆಗುತ್ತಿದೆಯೆಂದು, ಅಷ್ಟು ದೂರದಿಂದ ಬಂದಿದ್ದೇವೆಂದು ನೀರಿಗಿಳಿಯಬೇಡ. ಮನಸ್ಸು ಬೇಡ ಅಂದ ದಿನ ಆ ಮಾತು ಕೇಳು, ಕಾರಣವನ್ನು ಆಮೇಲೆ ಹುಡುಕು.

ರಜೆಗೆ ಬರುವ ಮೊದಲು ನಾನು ನಿನ್ನಿಂದ ಕೇಳುವುದು ಮೂರು. ಕೊಳದ ಆಳದ ಕಡೆ, ಏನನ್ನೂ ಮುಟ್ಟದೆ, ಹದಿನೈದು ನಿಮಿಷ ತೇಲುತ್ತಾ ಮಾತಾಡುತ್ತಾ ಇರಲು ಬರಬೇಕು. ಎರಡೂ ಕಡೆಗೆ ಉಸಿರು ತೆಗೆದುಕೊಳ್ಳಲು ಬರಬೇಕು. ಗೋಡೆ ಮುಟ್ಟದೆ ಐನೂರು ಮೀಟರ್ ಈಜಲು ಬರಬೇಕು. ಇಷ್ಟು ಆದ ಮೇಲೆ ಫೋನು ಮಾಡು. ಹೊಳೆಗೆ ದೋಣಿ ಹೇಳಿಡುತ್ತೇನೆ, ಮೊದಲ ವಾರ ಅಲ್ಲಿ, ಆಮೇಲೆ ನಾಡದೋಣಿಯವರು ಸೈ ಅಂದ ಬೆಳಗ್ಗೆ ಕಡಲಿಗೆ. ನಿನ್ನಮ್ಮನೂ ಬರಲಿ. ನಿನ್ನ ತಮ್ಮನನ್ನೂ ಕರೆದುಕೊಂಡು ಬಾ, ಅವನಿಗೆ ತೇಲುವುದನ್ನು ಈ ಸಲ ನೀನೇ ಕಲಿಸಬೇಕು. ಇನ್ನೊಬ್ಬರ ತಲೆಯ ಭಾರವನ್ನು ಅಂಗೈಯಲ್ಲಿ ಹೊತ್ತವಳಿಗೆ ನೀರು ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತದೆ.

ಚೆನ್ನಾಗಿ ಉಣ್ಣು, ಚೆನ್ನಾಗಿ ನಿದ್ದೆ ಮಾಡು, ದಿನಾ ಅಭ್ಯಾಸ ಮಾಡು. ದೇವರು ಒಳ್ಳೆಯದು ಮಾಡಲಿ.

ಇತಿ,
ನಿನ್ನ ದೊಡ್ಡಮ್ಮ